ತಾಳಿಕೋಟೆ: ತಕ್ಕಡಿ ಹಿಡಿದ ಕೈ ತಪ್ಪಿದ್ದೆಲ್ಲಿ?

ತಾಳಿಕೋಟೆ ಎಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ. 1565ರ ಜನವರಿ 23. ಕೃಷ್ಣಾ ನದಿಯ ದಂಡೆಯಲ್ಲಿ ದಖ್ಖನಿನ ಸುಲ್ತಾನರು ಒಂದಾಗಿ ವಿಜಯನಗರದ ಸೇನೆಯ ಮೇಲೆ ಬೀಳುತ್ತಾರೆ. ಎಂಬತ್ತರ ಆಸುಪಾಸಿನ ಅಳಿಯ ರಾಮರಾಯ ಸೆರೆ ಸಿಕ್ಕಿ ತಲೆ ಕಳೆದುಕೊಳ್ಳುತ್ತಾನೆ. ಸೇನೆ ದಿಕ್ಕಾಪಾಲಾಗಿ ಓಡುತ್ತದೆ. ಮುಂದಿನ ಐದಾರು ತಿಂಗಳಲ್ಲಿ ಹಂಪೆ ಹಾಳು ಹಂಪೆಯಾಗುತ್ತದೆ. ಶಾಲೆಯ ಪಠ್ಯಪುಸ್ತಕದಲ್ಲಿ ಪಾಠ ಮುಗಿಯುವುದು ಇಲ್ಲಿಗೇ. ಎರಡು ಧರ್ಮಗಳ ನಡುವಿನ ಕೊನೆಯ ಹೋರಾಟ ಎಂಬ ಷರಾ ಬರೆದು ನಾವು ಪುಟ ತಿರುವುತ್ತೇವೆ.

ಆದರೆ ಮುಂದಿನ ಪುಟದಲ್ಲಿರುವ ಒಂದು ಘಟನೆ ಈ ಷರಾವನ್ನೇ ಪ್ರಶ್ನಿಸುತ್ತದೆ. ಯುದ್ಧ ಮುಗಿದು ಎರಡು ವರ್ಷಗಳಾಗುವಷ್ಟರಲ್ಲಿ ಬಿಜಾಪುರದ ಆಲಿ ಆದಿಲ್‌ಶಾಹ ಮತ್ತೆ ದಕ್ಷಿಣಕ್ಕೆ ದಂಡೆತ್ತಿ ಹೊರಟ. ರಾಮರಾಯನ ಮಗನೇ ತನ್ನ ಚಿಕ್ಕಪ್ಪ ತಿರುಮಲನ ವಿರುದ್ಧ ಆತನ ನೆರವು ಬೇಡಿದ್ದ. ಆನೆಗೊಂದಿಯಲ್ಲಿ ಒಬ್ಬ ಅಂಕಿತದ ಅರಸನನ್ನು ಕೂರಿಸಿ ಪೆನುಗೊಂಡೆಯವರೆಗೆ ಕೈಚಾಚುವ ಆಸೆ ಆದಿಲ್‌ಶಾಹನದು. ಪೆನುಗೊಂಡೆಯವರು ಆಗ ಸಹಾಯಕ್ಕಾಗಿ ಮೊರೆಯಿಟ್ಟದ್ದು ಯಾರಲ್ಲಿ? ಅಹಮದ್‌ನಗರದ ನಿಜಾಮ್‌ಶಾಹಿ ದರಬಾರಿನಲ್ಲಿ! ರಾಮರಾಯನ ತಲೆ ತೆಗೆಸಿದ್ದು ಅದೇ ಮನೆತನದ ಹುಸೇನ್ ನಿಜಾಮ್‌ಶಾಹ. ಆತನ ವಿಧವೆ ಖುಂಜಾ ಹುಮಾಯೂನ್ ಬಾಲಕನಾದ ಮಗ ಮುರ್ತಜಾನ ಪರವಾಗಿ ಆಗ ರಾಜ್ಯವಾಳುತ್ತಿದ್ದಳು. ಆಕೆ ಮೊರೆಯನ್ನು ಆಲಿಸಿದಳು. ಬಿಜಾಪುರದತ್ತ ಸೈನ್ಯ ನಡೆಸಿದಳು. ಬೆನ್ನಿಗೆ ಬಂದ ಶತ್ರುವನ್ನು ಕಂಡ ಆಲಿ ಆದಿಲ್‌ಶಾಹ ದಕ್ಷಿಣದ ದಂಡಯಾತ್ರೆ ಕೈಬಿಟ್ಟು ಹಿಂದಿರುಗಬೇಕಾಯಿತು.

ಎರಡು ವರ್ಷದ ಹಿಂದೆ ವಿಜಯನಗರವನ್ನು ಕೆಡವಿದ ರಾಜ್ಯವೇ ಅದರ ಉಳಿದ ಭಾಗವನ್ನು ಕಾಪಾಡಲು ಹೊರಟದ್ದು ಏಕೆ? ಉತ್ತರ ಧರ್ಮದಲ್ಲಿಲ್ಲ, ಸ್ನೇಹದಲ್ಲಿಯೂ ಇಲ್ಲ. ನೆರೆಯವನು ಅತಿಯಾಗಿ ಬೆಳೆದರೆ ನಾಳೆ ನಮಗೆ ಕೇಡು ಎಂಬ ಸರಳ ಲೆಕ್ಕಾಚಾರದಲ್ಲಿದೆ. ರಾಜನೀತಿಯ ಭಾಷೆಯಲ್ಲಿ ಇದಕ್ಕೆ ಬಲಾಬಲದ ಸಮತೋಲನ ಎಂದು ಹೆಸರು. ತಾಳಿಕೋಟೆಯ ಯುದ್ಧವನ್ನು ಈ ಕಣ್ಣಿನಿಂದ ನೋಡಿದರೆ ಕಥೆ ಬೇರೆಯಾಗಿ ಕಾಣುತ್ತದೆ.

ಐದು ಮನೆ, ಒಂದು ಅಂಗಳ

ಹದಿನೈದನೆಯ ಶತಮಾನದ ಕೊನೆಯಲ್ಲಿ ಬಹಮನಿ ರಾಜ್ಯ ಒಡೆದು ಐದು ಹೋಳಾಯಿತು. ಬಿಜಾಪುರದಲ್ಲಿ ಆದಿಲ್‌ಶಾಹಿ, ಅಹಮದ್‌ನಗರದಲ್ಲಿ ನಿಜಾಮ್‌ಶಾಹಿ, ಗೋಲ್ಕೊಂಡದಲ್ಲಿ ಕುತುಬ್‌ಶಾಹಿ, ಬೀದರಿನಲ್ಲಿ ಬರೀದ್‌ಶಾಹಿ, ವರಾಡದಲ್ಲಿ ಇಮಾದ್‌ಶಾಹಿ. ಒಂದೇ ಮನೆಯಿಂದ ಪಾಲಾಗಿ ಹೋದ ದಾಯಾದಿಗಳ ನಡುವೆ ಗಡಿಗೋಡೆಯ ಜಗಳ ಹೇಗೆ ತಪ್ಪದೋ ಹಾಗೆ ಇವರ ನಡುವೆಯೂ ಜಗಳ ತಪ್ಪಲಿಲ್ಲ. ದಕ್ಷಿಣಕ್ಕೆ, ಇವರಲ್ಲಿ ಯಾರೊಬ್ಬರಿಗಿಂತಲೂ ದೊಡ್ಡದಾದ ವಿಜಯನಗರ.

ಇವರ ಜಗಳದ ವಸ್ತುಗಳು ಕೆಲವೇ ಕೆಲವು. ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ಎಡೆದೊರೆ ನಾಡು, ಅಂದರೆ ರಾಯಚೂರು ದೋಆಬ್, ಮತ್ತು ಅದರ ಬೀಗದ ಕೈಗಳಂತಿದ್ದ ರಾಯಚೂರು, ಮುದಗಲ್ಲು ಕೋಟೆಗಳು. ಉತ್ತರದಲ್ಲಿ ಬಿಜಾಪುರ, ಅಹಮದ್‌ನಗರಗಳ ನಡುವೆ ಸೊಲ್ಲಾಪುರ. ಬಿಜಾಪುರ, ಬೀದರ್, ಅಹಮದ್‌ನಗರ ಮೂವರೂ ಕಣ್ಣಿಟ್ಟಿದ್ದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ. ಈ ನಾಲ್ಕು ಕೋಟೆಗಳು ಹದಿನಾರನೆಯ ಶತಮಾನದ ದಖ್ಖನಿನಲ್ಲಿ ಕೈಯಿಂದ ಕೈಗೆ ಓಡಾಡುವ ನಾಣ್ಯದಂತಿದ್ದವು. ಸೋತವನು ಕೋಟೆ ಕೊಟ್ಟು ಸಂಧಿ ಮಾಡಿಕೊಳ್ಳುತ್ತಿದ್ದ; ಗೆದ್ದವನು ಅದನ್ನು ಮಿತ್ರನಿಗೆ ಕೊಟ್ಟು ಋಣ ತೀರಿಸುತ್ತಿದ್ದ. ಒಂದು ರಾಜ್ಯವನ್ನೇ ನುಂಗುವ ಮಾತು ಅಪರೂಪ.

ಕೌಟಿಲ್ಯ ತನ್ನ ಅರ್ಥಶಾಸ್ತ್ರದಲ್ಲಿ ಹೇಳುವ ಮಂಡಲ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಗಡಿಗೆ ಗಡಿ ಹೊಂದಿದ ನೆರೆಯವನು ಸಹಜ ಶತ್ರು. ಅವನಾಚೆಯ ನೆರೆಯವನು ಸಹಜ ಮಿತ್ರ. ಆ ಗ್ರಂಥದ ಓಲೆಯ ಪ್ರತಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು ಅಚ್ಚಾದದ್ದು 1909ರಲ್ಲಿ. ರಾಮರಾಯನಾಗಲಿ ಆದಿಲ್‌ಶಾಹನಾಗಲಿ ಅದನ್ನು ಓದಿಕೊಂಡು ರಾಜ್ಯವಾಳಿದರೆಂದಲ್ಲ. ಭೂಪಟವೇ ಅವರಿಗೆ ಅದೇ ಪಾಠ ಹೇಳಿಕೊಟ್ಟಿತು. ವಿಜಯನಗರ, ಬಿಜಾಪುರ, ಅಹಮದ್‌ನಗರ ದಕ್ಷಿಣದಿಂದ ಉತ್ತರಕ್ಕೆ ಒಂದರ ಮೇಲೊಂದು ಸಾಲಾಗಿ ನಿಂತಿದ್ದವು. ನಡುವಿನ ಬಿಜಾಪುರ ಇಬ್ಬರಿಗೂ ಶತ್ರು. ಆದ್ದರಿಂದ ತುದಿಯ ಇಬ್ಬರೂ ಮಿತ್ರರು.

ತಕ್ಕಡಿ ಹಿಡಿದವನು

1542ರಲ್ಲಿ ಅಚ್ಯುತರಾಯ ತೀರಿಕೊಂಡ ನಂತರದ ಗೊಂದಲದಲ್ಲಿ ಕೃಷ್ಣದೇವರಾಯನ ಅಳಿಯ ರಾಮರಾಯ ಅಧಿಕಾರ ಹಿಡಿದ. ಸಿಂಹಾಸನದ ಮೇಲೆ ಸದಾಶಿವರಾಯ, ಆಡಳಿತ ರಾಮರಾಯನದು. ಉತ್ತರದ ರಾಜ್ಯಗಳನ್ನು ಆತ ಬಲ್ಲಷ್ಟು ವಿಜಯನಗರದ ಇನ್ನಾವ ಆಳರಸನೂ ಬಲ್ಲವನಲ್ಲ. ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ ತನ್ನ ಅಣ್ಣ ಜಮ್‌ಷೀದನಿಗೆ ಹೆದರಿ ಓಡಿಬಂದಾಗ 1543ರಿಂದ 1550ರವರೆಗೆ, ಏಳು ವರ್ಷ, ಆತನಿಗೆ ಆಶ್ರಯ ಸಿಕ್ಕಿದ್ದು ವಿಜಯನಗರದಲ್ಲಿ. ಮುಂದೆ ಆತನೇ ಇಬ್ರಾಹಿಂ ಕುತುಬ್‌ಶಾಹನಾಗಿ, ತೆಲುಗು ಕವಿಗಳ ಬಾಯಲ್ಲಿ ‘ಮಲ್ಕಿಭರಾಮ’ನೆಂದು ಹೊಗಳಿಸಿಕೊಂಡ. ನೆರೆರಾಜ್ಯದಿಂದ ಓಡಿಬಂದ ರಾಜಕುಮಾರನನ್ನು ಸಾಕಿ, ಸಮಯ ಬಂದಾಗ ಗದ್ದುಗೆಯ ಮೇಲೆ ಕೂರಲು ಅನುವು ಮಾಡಿಕೊಡುವುದು ಆ ಕಾಲದ ರಾಜತಂತ್ರದಲ್ಲಿ ಸಾಧಾರಣ ಸಂಗತಿ.

ರಾಮರಾಯನ ನೀತಿ ಸರಳವಾಗಿತ್ತು. ಸುಲ್ತಾನರಲ್ಲಿ ಯಾರೊಬ್ಬರೂ ಮೇಲಾಗದಂತೆ, ಎಲ್ಲರೂ ಒಂದಾಗದಂತೆ ನೋಡಿಕೊಳ್ಳುವುದು. ಇಬ್ಬರು ಕಾದಾಡುವಾಗ ಒಬ್ಬನ ಪಕ್ಷ ವಹಿಸಿ ಅದರ ಬೆಲೆ ಪಡೆಯುವುದು. ಮೊದಲ ಹತ್ತು ವರ್ಷ ಆತ ಅಹಮದ್‌ನಗರದ ಬುರ್ಹಾನ್ ನಿಜಾಮ್‌ಶಾಹನ ಜೊತೆಗಿದ್ದ. 1552ರ ಹೊತ್ತಿಗೆ ಇಬ್ಬರೂ ಕೂಡಿ ಬಿಜಾಪುರವನ್ನು ಎರಡೂ ಕಡೆಯಿಂದ ಒತ್ತಿದರು. ರಾಯಚೂರು, ಮುದಗಲ್ಲು ರಾಮರಾಯನ ಪಾಲಾದವು. ಸೊಲ್ಲಾಪುರ ನಿಜಾಮ್‌ಶಾಹನಿಗೆ ದಕ್ಕಿತು.

ಈ ಆಟದಲ್ಲಿ ಸಮುದ್ರದ ಕಡೆಯ ಒಂದು ದಾಳವೂ ಇತ್ತು. ದಖ್ಖನಿನ ಯುದ್ಧಗಳು ಗೆಲ್ಲುತ್ತಿದ್ದುದು ಅಶ್ವದಳದಿಂದ. ಒಳ್ಳೆಯ ಕುದುರೆಗಳು ಬರುತ್ತಿದ್ದುದು ಅರಬಸ್ತಾನ, ಪರ್ಷಿಯಾಗಳಿಂದ, ಪೋರ್ಚುಗೀಸರ ಗೋವೆಯ ಮೂಲಕ. 1547ರಲ್ಲಿ ಗೋವೆಯ ಗವರ್ನರ್ ಜೊವಾಂವ್ ದ ಕ್ಯಾಸ್ತ್ರೊ ಜೊತೆ ವಿಜಯನಗರ ಒಂದು ಒಪ್ಪಂದ ಮಾಡಿಕೊಂಡಿತು. ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೇ ಹೋಗತಕ್ಕದ್ದು, ಬಿಜಾಪುರಕ್ಕೆ ಮಾರತಕ್ಕದ್ದಲ್ಲ ಎಂಬುದು ಅದರ ತಿರುಳು. ಇಂದಿನ ಮಾತಿನಲ್ಲಿ ಹೇಳುವುದಾದರೆ ಶತ್ರುವಿಗೆ ಶಸ್ತ್ರಾಸ್ತ್ರ ನಿರ್ಬಂಧ! ಆದರೆ ಪೋರ್ಚುಗೀಸರೂ ಇದೇ ಗರಡಿಯಲ್ಲಿ ಪಳಗಿದವರು. ಮರುವರ್ಷವೇ ಅವರು ಬಿಜಾಪುರದೊಂದಿಗೂ ಸಂಧಿ ಮಾಡಿಕೊಂಡರು.

ಸಂಗಮದಲ್ಲಿ ಒಂದು ಒಡಂಬಡಿಕೆ

ಬರಿಯ ಜಗಳವೇ ಈ ಕಾಲದ ಚರಿತ್ರೆಯಲ್ಲ. ಶಾಂತಿಯನ್ನು ಒಂದು ವ್ಯವಸ್ಥೆಯಾಗಿ ಕಟ್ಟುವ ಪ್ರಯತ್ನವೂ ನಡೆಯಿತೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ. 1557ರ ಸುಮಾರಿಗೆ ಅಹಮದ್‌ನಗರ ಮತ್ತು ಗೋಲ್ಕೊಂಡದ ಸೇನೆಗಳು ಗುಲ್ಬರ್ಗದ ಕೋಟೆಗೆ ಮುತ್ತಿಗೆ ಹಾಕಿದಾಗ ಬಿಜಾಪುರ ರಾಮರಾಯನನ್ನು ಕರೆಯಿತು. ರಾಮರಾಯ ಬಂದ, ಆದರೆ ಯುದ್ಧ ಮಾಡಲಿಲ್ಲ. ಭೀಮಾ ನದಿ ಕೃಷ್ಣೆಯನ್ನು ಸೇರುವ ಸಂಗಮದಲ್ಲಿ ನಾಲ್ವರು ಅರಸರೂ ಸೇರಿ ಮಾತುಕತೆ ನಡೆಸಿದರು. ನಾಲ್ವರಲ್ಲಿ ಯಾರ ಮೇಲಾದರೂ ಅನ್ಯಾಯವಾಗಿ ದಾಳಿ ನಡೆದರೆ ಉಳಿದವರು ಒಟ್ಟಾಗಿ ನೆರವಿಗೆ ಬರಬೇಕೆಂದು ಒಪ್ಪಂದವಾಯಿತು. ದಖ್ಖನಿನ ಇತಿಹಾಸಕಾರ ಎಚ್.ಕೆ. ಶೇರ್ವಾನಿಯವರು ಇದನ್ನು ಸಾಮೂಹಿಕ ಭದ್ರತೆಯ ಒಪ್ಪಂದವೆಂದೇ ಕರೆದಿದ್ದಾರೆ.

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೊಂದಿಲ್ಲ. ಆದರೆ ಇಂಥ ಒಪ್ಪಂದ ನಿಲ್ಲಬೇಕಾದರೆ ಎರಡು ಸಂಗತಿಗಳು ಬೇಕು. ಇಂದಿನ ಗಡಿಗಳೇ ಗಡಿಗಳೆಂದು ಎಲ್ಲರೂ ಒಪ್ಪಬೇಕು. ಒಪ್ಪಂದ ಮುರಿದವನನ್ನು ಶಿಕ್ಷಿಸುವ ಬಲವುಳ್ಳವನು ತನಗಾಗಿ ಏನನ್ನೂ ಬಯಸದವನಾಗಿರಬೇಕು. ದಖ್ಖನಿನಲ್ಲಿ ಎರಡೂ ಇರಲಿಲ್ಲ. ಸೊಲ್ಲಾಪುರ, ಕಲ್ಯಾಣಗಳನ್ನು ಕಳೆದುಕೊಂಡ ಬಿಜಾಪುರಕ್ಕೆ ಅವು ಮರಳಿ ಬೇಕಿದ್ದವು. ಪಂಚಾಯಿತಿಕೆಗೆ ಬಂದ ರಾಮರಾಯನಿಗೆ ಪಂಚಾಯಿತಿಯ ಫೀಜು ಬೇಕಿತ್ತು.

1558ರಲ್ಲಿ ಬಿಜಾಪುರದ ಗದ್ದುಗೆಗೆ ಬಂದ ಆಲಿ ಆದಿಲ್‌ಶಾಹ ತರುಣ, ಜಾಣ. ತನ್ನ ಮನೆತನ ಎರಡು ಕಡೆಯ ಒತ್ತಡದಲ್ಲಿ ಸಿಕ್ಕಿ ನಲುಗಿದ್ದನ್ನು ಆತ ಕಂಡಿದ್ದ. ಆದ್ದರಿಂದ ಒಂದು ಕಡೆಯ ಶತ್ರುವನ್ನು ಮಿತ್ರನಾಗಿಸಿಕೊಳ್ಳಲು ಹೊರಟ. ರಾಮರಾಯನ ಮಗನೊಬ್ಬ ತೀರಿಕೊಂಡಾಗ ಆಲಿ ಕೇವಲ ನೂರರಷ್ಟು ಕುದುರೆ ಸವಾರರೊಂದಿಗೆ ಸ್ವತಃ ವಿಜಯನಗರಕ್ಕೆ ಹೋಗಿ ದುಃಖ ಹಂಚಿಕೊಂಡನೆಂದೂ ರಾಮರಾಯನ ಪತ್ನಿ ಆತನನ್ನು ಮಗನೆಂದು ಕರೆದಳೆಂದೂ ಫಿರಿಷ್ತಾ ಬರೆದಿದ್ದಾನೆ. ಹಾಗೆಯೇ, ಹೊರಡುವಾಗ ರಾಮರಾಯ ಊರ ಹೊರಗಿನವರೆಗೆ ಬಂದು ಬೀಳ್ಕೊಡಲಿಲ್ಲವೆಂಬ ಕೊರಗು ಆಲಿಯ ಮನಸ್ಸಿನಲ್ಲಿ ಉಳಿಯಿತೆಂದೂ ಆತ ಹೇಳುತ್ತಾನೆ. ಫಿರಿಷ್ತಾ ಬಿಜಾಪುರದ ಆಸ್ಥಾನದಲ್ಲಿ ಕುಳಿತು ಸುಮಾರು ನಾಲ್ಕು ದಶಕಗಳ ನಂತರ ಬರೆದವನು. ಮಾನಾಪಮಾನದ ಈ ಕಥೆಗಳನ್ನು ಸ್ವಲ್ಪ ಎಚ್ಚರಿಕೆಯಿಂದಲೇ ಓದಬೇಕು.

ಪಕ್ಷ ಬದಲಾಯಿತು. ಈಗ ವಿಜಯನಗರ ಮತ್ತು ಬಿಜಾಪುರ ಒಂದು ಕಡೆ. ಅಹಮದ್‌ನಗರ ಇನ್ನೊಂದು ಕಡೆ. ಇಬ್ರಾಹಿಂ ಕುತುಬ್‌ಶಾಹ ಮೊದಲು ಮನಸ್ಸಿಲ್ಲದ ಮನಸ್ಸಿನಿಂದ ರಾಮರಾಯನ ಜೊತೆಗಿದ್ದು, ಆಮೇಲೆ ಹುಸೇನ್ ನಿಜಾಮ್‌ಶಾಹನ ಮಗಳನ್ನು ಮದುವೆಯಾಗಿ ಆ ಕಡೆಗೆ ಸರಿದ. ಮುಂದಿನ ಆರೇಳು ವರ್ಷಗಳಲ್ಲಿ ವಿಜಯನಗರದ ಸೇನೆ ಒಂದಕ್ಕಿಂತ ಹೆಚ್ಚು ಬಾರಿ ಅಹಮದ್‌ನಗರದ ಬಾಗಿಲು ತಟ್ಟಿತು. ಒಂದು ಸಲ ಸೀನಾ ನದಿ ರಾತ್ರೋರಾತ್ರಿ ಉಕ್ಕಿ ಹರಿದು ಬೀಡುಬಿಟ್ಟಿದ್ದ ಸೈನಿಕರು ಕೊಚ್ಚಿಹೋದದ್ದರಿಂದ ಮುತ್ತಿಗೆ ನಿಂತಿತು. ಸೋತ ಹುಸೇನ್ ಕಲ್ಯಾಣದ ಕೋಟೆ ಬಿಟ್ಟುಕೊಡಬೇಕಾಯಿತು. ಅಷ್ಟೇ ಅಲ್ಲ, ರಾಮರಾಯನ ಡೇರೆಗೆ ಬಂದು ಆತನ ಕೈಯಿಂದ ತಾಂಬೂಲ ಸ್ವೀಕರಿಸಬೇಕಾಯಿತು. ಕೈಕುಲುಕಿದ ನಂತರ ಹುಸೇನ್ ನೀರು ತರಿಸಿ ಕೈತೊಳೆದುಕೊಂಡನೆಂದೂ ಅದನ್ನು ಕಂಡ ರಾಮರಾಯನೂ ಕೈತೊಳೆದುಕೊಂಡನೆಂದೂ ಒಂದು ವೃತ್ತಾಂತವಿದೆ. ಕಲ್ಯಾಣದ ಬೀಗದ ಕೈಯನ್ನು ಹುಸೇನ್ ರಾಮರಾಯನ ಕೈಗಿತ್ತ. ರಾಮರಾಯ ಅದನ್ನು ಆದಿಲ್‌ಶಾಹನಿಗೆ ಕಳಿಸಿದ. ದಖ್ಖನಿನಲ್ಲಿ ಕೋಟೆ ಕೊಡುವವನೂ ಕೊಡಿಸುವವನೂ ಯಾರೆಂಬುದು ಅಂದು ಎಲ್ಲರಿಗೂ ಸ್ಪಷ್ಟವಾಯಿತು.

ತಪ್ಪಿದ್ದೆಲ್ಲಿ?

ತಕ್ಕಡಿ ಹಿಡಿದವನು ತಾನೂ ಒಂದು ತಟ್ಟೆಯಲ್ಲಿ ಕೂತರೆ ಏನಾಗುತ್ತದೆಂಬುದಕ್ಕೆ ಮುಂದಿನ ಘಟನೆಗಳೇ ಸಾಕ್ಷಿ. ಸುಲ್ತಾನರ ನಡುವಿನ ಪ್ರತಿಯೊಂದು ಜಗಳದಿಂದಲೂ ವಿಜಯನಗರ ಬೆಳೆಯಿತು. ಶತ್ರುವಾದ ಗೋಲ್ಕೊಂಡ ಪಾನಗಲ್ಲಿನಂಥ ಗಡಿಕೋಟೆಗಳನ್ನು ಬಿಟ್ಟುಕೊಟ್ಟಿತು. ಮಿತ್ರನಾದ ಬಿಜಾಪುರವೂ ಗಡಿಯ ಪ್ರದೇಶಗಳನ್ನು ಒಪ್ಪಿಸಬೇಕಾಯಿತೆಂದು ಫಿರಿಷ್ತಾ ಹೇಳುತ್ತಾನೆ. ರಾಯಚೂರು, ಮುದಗಲ್ಲುಗಳಂತೂ ಮೊದಲೇ ಹೋಗಿದ್ದವು. ಶತ್ರುವಾದರೂ ಕಳೆದುಕೊಳ್ಳುವುದು, ಮಿತ್ರನಾದರೂ ಕಳೆದುಕೊಳ್ಳುವುದು ಎಂದಾದ ಮೇಲೆ ಮೈತ್ರಿಯ ಅರ್ಥವೇನು?

ರಾಮರಾಯನ ಯಶಸ್ಸು ನಿಂತಿದ್ದುದು ಒಂದೇ ಒಂದು ನಂಬಿಕೆಯ ಮೇಲೆ. ಸುಲ್ತಾನರಿಗೆ ವಿಜಯನಗರದ ಮೇಲಿನ ಭಯಕ್ಕಿಂತ ಪರಸ್ಪರರ ಮೇಲಿನ ಭಯ ಹೆಚ್ಚು ಎಂಬ ನಂಬಿಕೆ ಅದು. ಇಪ್ಪತ್ತು ವರ್ಷ ಅದು ಸುಳ್ಳಾಗಲಿಲ್ಲ. ಅವರು ಒಂದು ಮತದವರೂ ಆಗಿರಲಿಲ್ಲ. ಅಹಮದ್‌ನಗರ ಮತ್ತು ಗೋಲ್ಕೊಂಡ ಷಿಯಾ, ಬೀದರ್ ಸುನ್ನಿ, ಬಿಜಾಪುರ ಅರಸನಿಂದ ಅರಸನಿಗೆ ಬದಲಾಗುತ್ತಿತ್ತು. ಆದರೆ 1563-64ರ ಹೊತ್ತಿಗೆ ಭಯದ ಲೆಕ್ಕ ತಲೆಕೆಳಗಾಯಿತು. ಇಪ್ಪತ್ತು ವರ್ಷದ ಗೆಲುವುಗಳಿಗೆ ಒಗ್ಗಿಹೋದ ವೃದ್ಧ ಆಳರಸ ಈ ಬದಲಾವಣೆಯನ್ನು ಗುರುತಿಸಲಿಲ್ಲ.

ರಾಯಭಾರಿಗಳು ಓಡಾಡಿದರು. ಎರಡು ಮದುವೆಗಳು ನಿಶ್ಚಯವಾದವು. ಹುಸೇನ್ ನಿಜಾಮ್‌ಶಾಹನ ಮಗಳು ಚಾಂದ್‌ಬೀಬಿ ಆಲಿ ಆದಿಲ್‌ಶಾಹನ ಕೈಹಿಡಿದಳು. ಆಲಿಯ ತಂಗಿಯನ್ನು ಹುಸೇನನ ಮಗ ಮುರ್ತಜಾನಿಗೆ ಕೊಟ್ಟರು. ಚಾಂದ್‌ಬೀಬಿಯ ಬಳುವಳಿಯಾಗಿ ಬಂದದ್ದು ಸೊಲ್ಲಾಪುರದ ಕೋಟೆ! ಎರಡು ತಲೆಮಾರು ರಕ್ತ ಹರಿಸಿದ ಗಡಿಕೋಟೆಯ ವ್ಯಾಜ್ಯ ಒಂದು ಮದುವೆಯ ಚಪ್ಪರದಲ್ಲಿ ಬಗೆಹರಿಯಿತು. ಸುಲ್ತಾನರನ್ನು ಬೇರೆ ಮಾಡಿ ಇಟ್ಟಿದ್ದುದು ಆ ಕೋಟೆ. ಅದು ಬಗೆಹರಿದ ದಿನವೇ ರಾಮರಾಯನ ನೀತಿಯ ಅಡಿಗಲ್ಲು ಜಾರಿತೆನ್ನಬೇಕು. ಆ ಬಳಿಕ ಆಲಿ ರಾಯಚೂರು, ಮುದಗಲ್ಲುಗಳನ್ನು ಹಿಂತಿರುಗಿಸುವಂತೆ ವಿಜಯನಗರಕ್ಕೆ ದೂತನನ್ನು ಕಳಿಸಿದ. ದೂತ ಬರಿಗೈಯಲ್ಲಿ ಮರಳಿದ. ಯುದ್ಧಕ್ಕೆ ಬೇಕಾದ ನೆಪ ಸಿಕ್ಕಿತು.

ಆಗಲೂ ಐವರೂ ಒಂದಾಗಲಿಲ್ಲ. ಅಹಮದ್‌ನಗರದ ಮೇಲಿನ ಹಳೆಯ ಸಿಟ್ಟಿನಿಂದ ವರಾಡ ದೂರ ಉಳಿಯಿತು. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರಿನ ಸೇನೆಗಳು 1564ರ ಡಿಸೆಂಬರಿನಲ್ಲಿ ತಾಳಿಕೋಟೆಯ ಬಯಲಿನಲ್ಲಿ ಸೇರಿದವು. ಕೃಷ್ಣೆಯ ಹಾಯ್ಗಡವನ್ನು ವಿಜಯನಗರದವರು ಭದ್ರವಾಗಿ ಕಾದಿದ್ದರು. ಮಿತ್ರಪಡೆ ಬೇರೆ ಕಡೆ ದಾಟುವವರಂತೆ ನದಿಯಗುಂಟ ನಡೆಯಿತು. ಎದುರುದಂಡೆಯವರೂ ಅವರನ್ನು ಹಿಂಬಾಲಿಸಿ ಕಾವಲು ಬಿಟ್ಟು ಸರಿದರು. ಸುಲ್ತಾನರು ಸರಕ್ಕನೆ ಹಿಂತಿರುಗಿ ಮೊದಲಿನ ಹಾಯ್ಗಡದಲ್ಲೇ ದಾಟಿದರು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’ ನಾಟಕ ಅದನ್ನು ರಂಗದ ಮೇಲೂ ತಂದಿದೆ.

ಗೆದ್ದವರು ಗೆದ್ದದ್ದೇನು?

ಈ ಯುದ್ಧದಿಂದ ಒಂದು ನಗರ ಹೋಯಿತು. ಅಷ್ಟು ದೊಡ್ಡ ಪೇಟೆ, ಅಷ್ಟೊಂದು ಕಸುಬಿನವರು, ನೀರಾವರಿಯ ಕಾಲುವೆಗಳನ್ನು ನಂಬಿ ಬದುಕಿದ್ದ ಜನ ಚೆದುರಿಹೋದರು. ತಿರುಮಲ ಸದಾಶಿವರಾಯನನ್ನೂ ಬೊಕ್ಕಸವನ್ನೂ ಆನೆಗಳ ಮೇಲೆ ಹೇರಿಕೊಂಡು ಪೆನುಗೊಂಡೆಗೆ ಹೋದ. ಸಾಮಾನ್ಯ ಪ್ರಜೆಗಳಿಗೆ ಆನೆಗಳಿರಲಿಲ್ಲ. 1567ರಲ್ಲಿ ಅಲ್ಲಿಗೆ ಬಂದ ವೆನಿಸ್ ನಗರದ ವರ್ತಕ ಸೀಸರ್ ಫ್ರೆಡರಿಕ್ ಮನೆಗಳು ನಿಂತಿದ್ದರೂ ಬರಿದಾಗಿದ್ದ ಊರನ್ನು ಕಂಡ. ಗೋವೆಯ ಕುದುರೆ ವ್ಯಾಪಾರಕ್ಕೂ ಪೆಟ್ಟು ಬಿತ್ತು. ದೊಡ್ಡ ಗಿರಾಕಿಯೇ ಇಲ್ಲದ ಮೇಲೆ ಅಂಗಡಿ ನಡೆಯುವುದೆಂತು?

ಆದರೆ ರಾಜ್ಯವನ್ನು ಸುಲ್ತಾನರು ಹಂಚಿಕೊಳ್ಳಲಿಲ್ಲ. ಬಿಜಾಪುರಕ್ಕೆ ರಾಯಚೂರು, ಮುದಗಲ್ಲುಗಳು, ಗೋಲ್ಕೊಂಡಕ್ಕೆ ಕಳೆದುಕೊಂಡ ಗಡಿಕೋಟೆಗಳು ಮರಳಿದವು. ಉಳಿದದ್ದನ್ನು ಮುಟ್ಟಲು ಒಬ್ಬರಿಗೊಬ್ಬರು ಬಿಡಲಿಲ್ಲ. ಯುದ್ಧದ ಕೆಲವೇ ತಿಂಗಳಲ್ಲಿ ಹುಸೇನ್ ನಿಜಾಮ್‌ಶಾಹ ತೀರಿಕೊಂಡ. ವಿಜಯನಗರದ ಭಯ ಹೋದೊಡನೆ ಹಳೆಯ ಭಯ ಮರಳಿತು. ಆರಂಭದಲ್ಲಿ ಹೇಳಿದ ಖುಂಜಾ ಹುಮಾಯೂನಳ ದಂಡಯಾತ್ರೆ ನಡೆದದ್ದು ಹೀಗೆ. ಮುಂದೆ 1570ರ ದಶಕದ ಮೊದಲ ವರ್ಷಗಳಲ್ಲಿ ಬಿಜಾಪುರ ಮತ್ತು ಅಹಮದ್‌ನಗರ ಇನ್ನೂ ಸ್ವಾರಸ್ಯಕರವಾದ ಒಪ್ಪಂದಕ್ಕೆ ಬಂದವು. ಅಹಮದ್‌ನಗರ ವರಾಡವನ್ನು ಗೆದ್ದುಕೊಳ್ಳಲಿ, ಅಷ್ಟೇ ಹುಟ್ಟುವಳಿಯ ಸೀಮೆಯನ್ನು ಬಿಜಾಪುರ ಕರ್ನಾಟಕದಲ್ಲಿ ಗೆದ್ದುಕೊಳ್ಳಲಿ, ಇಬ್ಬರಲ್ಲಿ ಯಾರೂ ಹೆಚ್ಚಾಗುವುದು ಬೇಡ ಎಂದು! 1574ರಲ್ಲಿ ವರಾಡ ಅಹಮದ್‌ನಗರದ ಪಾಲಾಯಿತು. ಬಂಕಾಪುರ ಬಿಜಾಪುರದ ಪಾಲಾಯಿತು. ಸಮತೋಲನ ಉಳಿಯಿತು, ಸಣ್ಣವರು ಅಳಿದರು.

ಅಷ್ಟರಲ್ಲಿ ವಿಂಧ್ಯದಾಚೆ ಬೇರೊಂದು ತಕ್ಕಡಿ ಸಿದ್ಧವಾಗುತ್ತಿತ್ತು. 1595ರಲ್ಲಿ ಅಕ್ಬರನ ಸೇನೆ ಅಹಮದ್‌ನಗರಕ್ಕೆ ಮುತ್ತಿಗೆ ಹಾಕಿದಾಗ ಕೋಟೆಯ ಮೇಲೆ ನಿಂತು ಕಾದಿದವಳು ಚಾಂದ್‌ಬೀಬಿ. ಮೂವತ್ತು ವರ್ಷದ ಹಿಂದೆ ಸೊಲ್ಲಾಪುರವನ್ನು ಬಳುವಳಿಯಾಗಿ ತಂದ ಅದೇ ವಧು. 1600ರಲ್ಲಿ ಕೋಟೆ ಬಿತ್ತು. 1636ರಲ್ಲಿ ಮೊಗಲರು ಮತ್ತು ಬಿಜಾಪುರ ನಿಜಾಮ್‌ಶಾಹಿಯ ಅಳಿದುಳಿದ ನೆಲವನ್ನು ಹಂಚಿಕೊಂಡರು. ಐವತ್ತು ವರ್ಷಗಳ ನಂತರ, 1686ರಲ್ಲಿ, ಬಿಜಾಪುರವೇ ಔರಂಗಜೇಬನ ವಶವಾಯಿತು, ಮರುವರ್ಷ ಗೋಲ್ಕೊಂಡ. ನೆರೆಯವನ ಬೆಳವಣಿಗೆಯನ್ನು ಅಷ್ಟು ಸೂಕ್ಷ್ಮವಾಗಿ ಅಳೆಯುತ್ತಿದ್ದವರಿಗೆ ದೂರದಿಂದ ಬರುವವನ ತೂಕ ತಿಳಿದಾಗ ತಡವಾಗಿತ್ತು.

ತಾಳಿಕೋಟೆಯನ್ನು ಧರ್ಮಯುದ್ಧವೆಂದು ಓದುವುದು ಸುಲಭ; ಗೆದ್ದವರ ಆಸ್ಥಾನ ಲೇಖಕರೂ ಹಾಗೆ ಬರೆದದ್ದುಂಟು. ಲೂಟಿಯ ಕಾಲದಲ್ಲಿ ಗುಡಿಗಳು ಒಡೆದದ್ದೂ ಸುಳ್ಳಲ್ಲ. ಆದರೆ ಅಷ್ಟನ್ನೇ ಓದಿದರೆ ಇಪ್ಪತ್ತು ವರ್ಷ ಒಬ್ಬ ಸುಲ್ತಾನ ಇನ್ನೊಬ್ಬನ ವಿರುದ್ಧ ರಾಮರಾಯನನ್ನು ಕರೆದದ್ದೇಕೆ, ವಿಜಯನಗರದ ಪರವಾಗಿ ಮುಸ್ಲಿಂ ದಳಗಳು ಕಾದಿದ್ದೇಕೆ, ಖುಂಜಾ ಹುಮಾಯೂನ್ ಪೆನುಗೊಂಡೆಯ ನೆರವಿಗೆ ನಿಂತದ್ದೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಸಂಗಮದ ಒಡಂಬಡಿಕೆಯಲ್ಲಿ ನಾಲ್ವರೂ ಕೈಹಾಕಿದ್ದರು. ಅದನ್ನು ಕಾಯಬೇಕಾದ ಬಲಶಾಲಿ ರಾಮರಾಯನೇ ಆಗಿದ್ದ. ಒಂದೆರಡು ಕೋಟೆಗಳ ಲಾಭಕ್ಕಾಗಿ ಆತ ಅದನ್ನು ಬಿಟ್ಟುಕೊಟ್ಟ. ಅದರ ಬೆಲೆ ತೆತ್ತದ್ದು ಹಂಪೆಯ ಪೇಟೆಬೀದಿಯ ಜನ.